ನಾಲ್ಕುನೂರ ಹನ್ನೆರಡು ಪತ್ರಗಳು, ಒಂದು ಬಾಕಿ

ಹೋದ ತಿಂಗಳು ಸರ್ವೀಸ್ ಸರ್ಟಿಫಿಕೇಟಿಗೆಂದು ಕುಣಿಗಲ್ಲಿಗೆ ಹೋಗಿದ್ದೆ. ಇಪ್ಪತ್ತು ವರ್ಷದ ಹಿಂದೆ ನಾನು ಕೆಲಸಕ್ಕಿದ್ದ ಪಾಲಿಟೆಕ್ನಿಕ್ಕು ಅದು. ಈಗಿನ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ ರಿಲೀವಿಂಗ್ ಆರ್ಡರ್ ನಂಬರ್ ಬೇಕು ಮೇಡಂ. ಔಟ್‌ವರ್ಡ್ ರಿಜಿಸ್ಟರಲ್ಲಿರುತ್ತೆ, ನೀವೇ ಹುಡುಕ್ಕೊಳ್ಳಿ" ಎಂದು ಬೀರುವಿನಿಂದ ಒಂದು ದಪ್ಪ ರಿಜಿಸ್ಟರ್ ಎಳೆದು ಮೇಜಿನ ಮೇಲೆ ಧೊಪ್ಪೆಂದು ಹಾಕಿದ. ಧೂಳಿನ ಜೊತೆಗೆ ಒಂದು ವಾಸನೆಯೂ ಎದ್ದಿತು. ಮೈದಾ ಅಂಟು, ಬಟ್ಟೆಯ ಬೈಂಡು, ನುಸಿಗುಳಿಗೆ, ಎಲ್ಲದರ ಅಡಿಯಲ್ಲಿ ಚೂರೇ ಚೂರು ನಶ್ಯ. ಆ ನಶ್ಯದ ವಾಸನೆ ಬಂದದ್ದೇ ತಡ, ಕುರ್ಚಿ ಬಿಟ್ಟು ಎದ್ದು ನಿಂತುಬಿಟ್ಟೆ.

"ಏನಾಯ್ತು ಮೇಡಂ?" ಅಂದ ಗುಮಾಸ್ತ.

"ಏನಿಲ್ಲ, ಗಂಗಾಧರಯ್ಯನೋರು ಬಂದ್ರೇನೋ ಅನ್ನಿಸ್ತು" ಅಂದೆ. ಅವನಿಗೆ ಆ ಹೆಸರೇ ಗೊತ್ತಿರಲಿಲ್ಲ.

ಗಂಗಾಧರಯ್ಯನವರು ನಮ್ಮ ಆಫೀಸ್ ಸೂಪರಿಂಟೆಂಡೆಂಟ್. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯವರು. ವಾರವೆಲ್ಲ ಕುಣಿಗಲ್ಲಿನಲ್ಲಿ ಒಂದು ರೂಮು ಮಾಡಿಕೊಂಡಿದ್ದು, ಶನಿವಾರ ಸಂಜೆ ಊರಿನ ಬಸ್ಸು ಹಿಡಿಯುವವರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನಶ್ಯದ ಡಬ್ಬಿ. ಅವರ ಧರ್ಮ ಒಂದೇ: ಆಫೀಸಿಗೆ ಬಂದ ಕಾಗದ ಯಾವುದೇ ಇರಲಿ, ಅದು ಇನ್‌ವರ್ಡ್ ರಿಜಿಸ್ಟರಿಗೆ ಏರಬೇಕು, ಅದಕ್ಕೊಂದು ನಂಬರು ಬೀಳಬೇಕು, ಅದಕ್ಕೊಂದು ಉತ್ತರ ಹೋಗಬೇಕು, ಆ ಉತ್ತರ ಔಟ್‌ವರ್ಡ್ ರಿಜಿಸ್ಟರಿಗೆ ಏರಬೇಕು. ಮದುವೆ ಕಾಗದ ಬಂದರೂ ಅಷ್ಟೆ. "ತಮ್ಮ ಆಹ್ವಾನ ತಲುಪಿದೆ" ಎಂದು ಉತ್ತರ ಬರೆಸಿ, ನಂಬರು ಹಾಕಿ ಕಳಿಸಿದ ಮೇಲೇ ಮದುವೆ ಊಟಕ್ಕೆ ಹೊರಡುತ್ತಿದ್ದರು. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಕಾಗದ ಬಾಕಿ ಉಳಿಸಿಕೊಂಡವರಲ್ಲ. ಅಕ್ಟೋಬರ್ ಕೊನೆಗೆ ಅವರ ರಿಟೈರ್‌ಮೆಂಟು. ಆ ದಿನ ಕೆಲಸ ಒಪ್ಪಿಸಿ ಕೊಡಬೇಕಾದ ಚಾರ್ಜ್ ಪಟ್ಟಿಯಲ್ಲಿ 'ಬಾಕಿ ಪತ್ರಗಳು' ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದು ಸಹಿ ಹಾಕುವುದೇ ಅವರ ಜೀವಮಾನದ ಆಸೆ. ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಆಷಾಢ. ಮಳೆ ಕಡಿಮೆ, ಗಾಳಿ ವಿಪರೀತ. ನಾನು ಹೆಬ್ಬೂರಿನಿಂದ ದಿನಾ ತುಮಕೂರು–ಕುಣಿಗಲ್ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಕೂದಲನ್ನು ಪೊರಕೆ ಮಾಡಿಕೊಂಡು ಲ್ಯಾಬಿಗೆ ಇಳಿಯುತ್ತಿದ್ದೆ. ವಯಸ್ಸು ಇಪ್ಪತ್ನಾಲ್ಕು. ತುಮಕೂರಿನಲ್ಲಿ ಆರು ತಿಂಗಳು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಕೋರ್ಸು ಮಾಡಿ ಸಿಸ್ಟಂ ಇನ್‌ಸ್ಟ್ರಕ್ಟರ್ ಆಗಿದ್ದೆ. ಆ ಆರು ತಿಂಗಳಿಗೆ ನನಗಿದ್ದ ಜಂಬವನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಲ್ಯಾಬಿನ ಮೂಲೆಯಲ್ಲಿ ಸರ್ವರ್ ಎಂದು ಕರೆಸಿಕೊಳ್ಳುತ್ತಿದ್ದ ಒಂದು ಕಂಪ್ಯೂಟರ್ ಇತ್ತು. ಹುಡುಗರ ಇಂಟರ್ನಲ್ ಮಾರ್ಕ್ಸೆಲ್ಲ ಅದರ ಎರಡನೇ ಡಿಸ್ಕಿನಲ್ಲಿ. ಹೊರಗಿನ ಸಂಪರ್ಕ ಅದಕ್ಕೆ ಸುತರಾಂ ಇರಲಿಲ್ಲ. ಇಂಟರ್ನೆಟ್ ಬೇಕೆಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿಗೇ ಹೋಗಬೇಕು.

ಒಂದು ದಿನ ಗಂಗಾಧರಯ್ಯನವರು ಯಾವುದೋ ಪ್ರಿಂಟಿಗೆಂದು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು. ನಾನು ಸರ್ವರಿನ ಯಜಮಾನನ ಹೆಸರಿನಲ್ಲಿ ಲಾಗಿನ್ ಆದೆ. ದಿನಾ ಬರುವ ಸಾಲು ಬಂತು: 'ಯು ಹ್ಯಾವ್ ನ್ಯೂ ಮೇಲ್.'

"ಕಾಗದ ಬಂದಿದೆಯಲ್ಲಮ್ಮ ಶಾರದಾ!"

"ಅದು ಸುಮ್ನೆ ಸರ್, ದಿನಾ ಬರುತ್ತೆ."

"ಸುಮ್‌ಸುಮ್ನೆ ಕಾಗದ ಯಾರಮ್ಮ ಬರೀತಾರೆ? ತೆಗಿ ನೋಡಣ."

ಅವತ್ತು 'ಆಮೇಲೆ ಸರ್' ಅಂದಿದ್ದರೆ ನನ್ನ ಮೂರು ತಿಂಗಳು ಉಳಿಯುತ್ತಿತ್ತು. ಜಂಬ ಬಿಡಬೇಕಲ್ಲ! ಬಹಳ ತಿಳಿದವಳಂತೆ ವಿವರಿಸಿದೆ. ಲಿನಕ್ಸಿನಲ್ಲಿ ಯಂತ್ರವೇ ತನ್ನ ಯಜಮಾನನಿಗೆ ಪತ್ರ ಬರೆಯುತ್ತದೆ, ನಾವು ವಹಿಸಿದ ಕೆಲಸ ಮಾಡಿದೆನೋ ಇಲ್ಲವೋ ಎಂದು ವರದಿ ಒಪ್ಪಿಸುತ್ತದೆ, ಆ ಪತ್ರಗಳು ಈ ಪೆಟ್ಟಿಗೆ ಬಿಟ್ಟು ಆಚೆ ಹೋಗುವುದಿಲ್ಲ ಎಂದು ಹೇಳುತ್ತಾ 'ಮೇಲ್' ಎಂದು ಕುಟ್ಟಿದೆ. ಪಟ್ಟಿ ಬಂತು. ನಾಲ್ಕುನೂರ ಹನ್ನೆರಡು ಪತ್ರ. ಒಂದನ್ನೂ ಓದಿರಲಿಲ್ಲ.

ಗಂಗಾಧರಯ್ಯನವರು ಸ್ಟೂಲು ಎಳೆದುಕೊಂಡು ಕೂತರು. ನಶ್ಯದ ಡಬ್ಬಿ ತೆಗೆದರು, ಏರಿಸುವುದನ್ನು ಮರೆತು ಹಾಗೇ ಮುಚ್ಚಿದರು.

"ನಾಲ್ಕುನೂರ ಹನ್ನೆರಡು ಬಾಕಿ" ಅಂದರು. "ನನ್ ಆಫೀಸಲ್ಲಿ. ನಾನ್ ರಿಟೈರಾಗೋ ಮೂರ್ ತಿಂಗ್ಳಿಗೆ ಮುಂಚೆ."

"ಸರ್, ಇದು ಆಫೀಸ್ ಕಾಗದ ಅಲ್ಲ, ಯಂತ್ರ ಬರೆದಿದ್ದು. ಒಂದು ಕೀ ಒತ್ತಿದ್ರೆ ಎಲ್ಲಾ ಅಳಿಸಿಹೋಗುತ್ತೆ."

"ಓದ್ದೆ ಅಳಿಸೋದಾ? ಓದ್ದೆ ಹರ್ದು ಹಾಕೋದು ಗಂಡ ಹೆಂಡ್ತಿ ಜಗಳದಲ್ಲಿ ಕಣಮ್ಮ, ಆಫೀಸಲ್ಲಲ್ಲ. ಮೇಲ್ಗಡೆ ಆಫೀಸ್ ಹೆಸ್ರಿದ್ಯೋ ಇಲ್ವೋ?"

ನೋಡಿದೆ. ಕರ್ಮ, ಇತ್ತು. ಕಂಪ್ಯೂಟರಿಗೆ ನಾನೇ ಪಾಲಿಟೆಕ್ನಿಕ್ಕಿನ ಹೆಸರು ಇಟ್ಟಿದ್ದೆ.

ಮಾರನೇ ದಿನ ಹತ್ತೂವರೆಗೆ ಇನ್‌ವರ್ಡ್ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಜರಾದರು. ನಾನು ಒಂದೊಂದೇ ಪತ್ರವನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕರಕರ ಎಂದು ತೆಗೆಯುವುದು, ಅವರು ನಂಬರು ಹಾಕಿ ಮೊಹರು ಒತ್ತುವುದು. ಆಷಾಢದ ಗಾಳಿ ಕಿಟಕಿಯಿಂದ ನುಗ್ಗಿ ಕಾಗದಗಳನ್ನೆಲ್ಲ ಲ್ಯಾಬಿನ ತುಂಬ ಹಾರಿಸುವುದು, ಹುಡುಗರು ನಗುತ್ತಾ ಹಿಡಿದು ತರುವುದು. ಮೊದಲನೇ ಪತ್ರಕ್ಕೇ ತಕರಾರು ಬಂತು.

"ಬೆಳಗಿನ್ ಜಾವ ನಾಲ್ಕು ಗಂಟೆ ಎರಡು ನಿಮ್ಷಕ್ಕೆ ಬರ್ದಿದೆಯಲ್ಲಮ್ಮ. ಆ ಹೊತ್ತಲ್ಲಿ ಇಲ್ಲಿ ಯಾರಿದ್ರು?"

ಯಾರೂ ಇರಲಿಲ್ಲ, ಯಂತ್ರವೇ ಬರೆದದ್ದು ಎಂದರೆ ಕೇಳಬೇಕಲ್ಲ. ವಾಚ್‌ಮನ್ ಕೆಂಪಣ್ಣನನ್ನು ಕರೆಸಿದರು.

"ಏನ್ಲಾ ಕೆಂಪಣ್ಣ, ಬೆಳಗಿನ್ ಜಾವ ನಾಲ್ಕು ಗಂಟೇಲಿ ಈ ರೂಮಿಗೆ ಬರ್ತೀಯೇನ್ಲಾ?"

"ನಮ್ಮಪ್ಪನಾಣೆ ಇಲ್ಲ ಸ್ವಾಮಿ! ಆ ವತ್ನಲ್ಲಿ ನಾನ್ ಎದ್ದಿರೋದೇ ಇಲ್ಲ!"

ಅವನಿಗೆ ಅಲ್ಲೇ ಒಂದು ಮೆಮೋ ತಯಾರಾಯಿತು, ಔಟ್‌ವರ್ಡ್ ನಂಬರಿನ ಸಮೇತ. ಕೆಂಪಣ್ಣ ದೀಪಾವಳಿವರೆಗೂ ನನ್ನನ್ನು ಕಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದ.

ಬಹುಪಾಲು ಪತ್ರಗಳನ್ನು ಬರೆದವನ ಹೆಸರು ಕ್ರಾನ್ ಡೀಮನ್ ಎಂದಿತ್ತು.

"ಯಾರಮ್ಮ ಇವ್ನು?"

"ಹೊತ್ತಿಗೆ ಸರಿಯಾಗಿ ಕೆಲಸ ಮಾಡೋ ಒಂದು ಪ್ರೋಗ್ರಾಂ ಸರ್. ದಿನಾ ಬೆಳಗಿನ ಜಾವ ಮಾರ್ಕ್ಸ್ ಫೈಲ್‌ಗಳನ್ನ ಅದೇ ಡಿಸ್ಕಲ್ಲಿ ಇನ್ನೊಂದು ಕಾಪಿ ಮಾಡಿ, ಮಾಡ್ದೆ ಅಂತ ತಿಳಿಸ್ತಾನೆ."

ಗಂಗಾಧರಯ್ಯನವರು ಕನ್ನಡಕ ತೆಗೆದು ಸರ್ವರನ್ನೇ ನೋಡಿದರು. "ಹೊತ್ತಿಗ್ ಸರಿಯಾಗಿ ಕೆಲ್ಸ ಮಾಡ್ತಾನೆ, ಮಾಡಿ ಬರವಣಿಗೇಲಿ ತಿಳಿಸ್ತಾನೆ. ಇಂಥೋನೊಬ್ಬ ನಮ್ಮಾಫೀಸಲ್ಲಿ ಇದಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದರು. ಅವತ್ತಿನಿಂದ ಅವನ ಮೇಲೆ ಅವರಿಗೆ ಒಂದು ಥರಾ ಅಭಿಮಾನ. ಅಂಥವನಿಗೆ ಉತ್ತರ ಬರೆಯದೆ ಇರುವುದು ಅನ್ಯಾಯ ಎಂದು, ತಮ್ಮ ಪತ್ರ ತಲುಪಿದೆ, ಗಮನಿಸಲಾಗಿದೆ ಎಂದು ಒಳ್ಳೆ ಆಫೀಸ್ ಇಂಗ್ಲಿಷಿನಲ್ಲಿ ಡಿಕ್ಟೇಟ್ ಮಾಡಿದರು. ನಾನು ಟೈಪ್ ಮಾಡಿ ಕಳಿಸಿದೆ. ಆದರೆ ಕ್ರಾನಿಗೆ ಬರೆದ ಉತ್ತರ ಎಲ್ಲಿಗೆ ಹೋಗುತ್ತದೆ? ಮತ್ತೆ ಯಜಮಾನನ ಪೆಟ್ಟಿಗೆಗೇ. ಮಾರನೇ ಬೆಳಿಗ್ಗೆ ನೋಡಿದರೆ ಕ್ರಾನ್ ಬರೆದ ಹೊಸ ಪತ್ರದ ಜೊತೆಗೆ ನಮ್ಮ ಉತ್ತರವೂ ಕೂತಿತ್ತು.

"ಇದು ನಮ್ದೇ ಕಾಗದ."

"ಹೌದು ಸರ್."

"ನಾವೇ ಬರ್ದು ನಮ್ಗೇ ಬಂತು. ಹೋಗ್ಲಿ ಬುಡು, ಡಿಪಾರ್ಟ್‌ಮೆಂಟಲ್ಲಿ ಇದೇನ್ ಹೊಸದಲ್ಲ" ಎಂದು ಅದಕ್ಕೂ ಇನ್‌ವರ್ಡ್ ನಂಬರು ಹಾಕಿದರು. ಅದಕ್ಕೂ ಉತ್ತರ ಬೇಕೆಂದು ಹೊರಟವರನ್ನು ಕೈಮುಗಿದು ನಿಲ್ಲಿಸಿದೆ. ಹಾಗೇ ಬಿಟ್ಟಿದ್ದರೆ ನಾವಿಬ್ಬರೂ ಇವತ್ತಿಗೂ ಅಲ್ಲೇ ಕೂತಿರುತ್ತಿದ್ದೆವು. ಕೊನೆಗೆ ಒಂದು ರಾಜಿಯಾಯಿತು. ಉತ್ತರ ಬೇಡ, 'ಮಾಹಿತಿಗಾಗಿ, ಕಡತಕ್ಕೆ' ಎಂದು ಷರಾ ಬರೆದರೆ ಸಾಕು. ಆದರೆ ಪ್ರತಿಯೊಂದನ್ನೂ ಓದಲೇಬೇಕು, ಪ್ರತಿಯೊಂದಕ್ಕೂ ನಂಬರು ಹಾಕಲೇಬೇಕು.

ಶ್ರಾವಣ ಮುಗಿಯುವ ಹೊತ್ತಿಗೆ ಹಳೇ ಬಾಕಿ ತೀರಿತು. ಆದರೆ ದಿನಾ ಬೆಳಗಾದರೆ ಮೂರೋ ನಾಲ್ಕೋ ಹೊಸವು. ಅವರು ಹತ್ತೂವರೆಗೆ ಬರುವುದು ತಪ್ಪಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಪಾಠ ಇಲ್ಲ, ಪ್ರಾಕ್ಟಿಕಲ್ ಇಲ್ಲ, ಬರೀ ಮೊಹರು. ಸ್ಟಾಫ್ ರೂಮಿನಲ್ಲಿ ನನ್ನನ್ನು 'ಟಪಾಲು ಮೇಡಂ' ಅನ್ನತೊಡಗಿದರು. ಭಾದ್ರಪದದಲ್ಲಿ ಒಂದು ಸೋಮವಾರ ಕೂತು ಒಂದು ಕಿತಾಪತಿ ಮಾಡಿದೆ. ಲಿನಕ್ಸಿನಲ್ಲಿ ಡೆವ್ ನಲ್ ಎಂಬ ಒಂದು ಪಾಳುಬಾವಿ ಇದೆ. ಅಲ್ಲಿಗೆ ಹಾಕಿದ್ದು ಮತ್ತೆ ಸಿಗುವುದಿಲ್ಲ. ಯಜಮಾನನ ಹೆಸರಿಗೆ ಬರುವ ಪತ್ರವೆಲ್ಲ ನೇರ ಆ ಬಾವಿಗೆ ಹೋಗಲಿ ಎಂದು ಒಂದು ಸಾಲು ಬರೆದೆ. ಕೆಲವು ಸಣ್ಣ ಕೆಲಸಗಳ ವರದಿ ನನ್ನ ಸ್ವಂತ ಲಾಗಿನ್ನಿಗೂ ಬರುತ್ತಿತ್ತು. ಅದೂ ಹಾಳಾಗಲಿ ಎಂದು ನನ್ನ ಹೆಸರಿನ ಮುಂದೂ ಅದೇ ಬಾವಿಯನ್ನು ತೋರಿಸಿ, ಮನಸ್ಸಿಗೆ ಬಹಳ ಆನಂದವಾಗಿ, ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆ.

ಮಂಗಳವಾರ ಪತ್ರವಿಲ್ಲ. ಗಂಗಾಧರಯ್ಯನವರಿಗೆ ಖುಷಿ. ಬುಧವಾರವೂ ಇಲ್ಲ, ಸುಮ್ಮನೆ ತಲೆಯಾಡಿಸಿ ಹೋದರು. ಗುರುವಾರ ಎರಡು ಸಲ ಬಂದು ನೋಡಿದರು. ಶುಕ್ರವಾರ ರಿಜಿಸ್ಟರ್ ಮುಚ್ಚಿಟ್ಟು ಸ್ಟೂಲಿನ ಮೇಲೆ ಕೂತೇಬಿಟ್ಟರು.

"ಏನೋ ಆಗಿದೆ ಕಣಮ್ಮ ಇವ್ನಿಗೆ."

"ಕಾಗದ ಬರ್ಲಿಲ್ಲ ಅಂದ್ರೆ ಒಳ್ಳೇದೇ ಅಲ್ವಾ ಸರ್? ನಿಮ್ಗೆ ಬಾಕಿ ಇರಲ್ಲ."

"ನಮ್ಮತ್ತೆ ದಿನಾ ಬೆಳಗೆದ್ದು ನನ್ನ ಬೈತಿದ್ರು. ಒಂದಿನ ಬೈಲಿಲ್ಲ. ನಾನೂ ಒಳ್ಳೇದಾಯ್ತು ಅಂತ ಸುಮ್ನಿದ್ದೆ. ಮಧ್ಯಾಹ್ನ ಹೋಗ್ ನೋಡಿದ್ರೆ ಮೈ ಕೆಂಡ, ನೂರಾನಾಲ್ಕು ಜ್ವರ. ದಿನಾ ಬರ್ಯೋನು ನಾಲ್ಕ್ ದಿನ ಬರ್ಲಿಲ್ಲ ಅಂದ್ರೆ ಕೇಳ್ಬೇಕಮ್ಮ. ಬಾಕಿ ಇಲ್ದಿರೋದು ಬೇರೆ, ಬಾಯಿ ಕಟ್ಟೋಗಿರೋದು ಬೇರೆ."

ನನಗೆ ಗೊತ್ತಿತ್ತು ಬಾಯಿ ಕಟ್ಟಿದವರು ಯಾರೆಂದು. "ಏನೋ ಅಡ್ಡ ಆಗಿತ್ತೇನೋ ಸರ್, ನೋಡ್ತೀನಿ" ಎಂದು ತೊದಲಿ, ಅವರು ಅತ್ತ ಹೋದದ್ದೇ ಬಾವಿಯ ಸಾಲನ್ನು ಅಳಿಸಿದೆ. ಇನ್ನು ಮುಂದೆ ಪತ್ರಗಳು ತಮ್ಮ ಹೆಸರಿಗೇ ಬರಲಿ ಎಂದು ಅವರು ಹೇಳಿದ್ದರಿಂದ ಅವರಿಗೊಂದು ಲಾಗಿನ್ ಮಾಡಿ, ಯಜಮಾನನ ಪತ್ರವೆಲ್ಲ ಅಲ್ಲಿಗೆ ತಿರುಗಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನನ್ನ ಹೆಸರಿನ ಮುಂದಿದ್ದ ಸಾಲು ಹಾಗೇ ಉಳಿಯಿತು. ಅದು ನೆನಪಿಗೇ ಬರಲಿಲ್ಲ.

ಶನಿವಾರ ಬೆಳಿಗ್ಗೆ ಕ್ರಾನ್ ಪತ್ರ ಬಂತು. ಗಂಗಾಧರಯ್ಯನವರು ಒಂದೇ ಬೆರಳಿನಲ್ಲಿ 'ಮೇಲ್' ಎಂದು ಕುಟ್ಟಿ ತಾವೇ ತೆಗೆದರು. ಆಮೇಲೆ ಕಡತ ಬಿಚ್ಚಿ ಹೋದ ವಾರದ ಪ್ರಿಂಟನ್ನು ಪಕ್ಕಕ್ಕಿಟ್ಟುಕೊಂಡು ಬೆರಳಿಟ್ಟು ಎಣಿಸಿದರು.

"ಶಾರದಾ, ಇವ್ನು ದಿನಾ ಏಳು ಸಾಲು ಬರೀತಿದ್ದ. ಇವತ್ತು ಒಂಬತ್ತು ಬರ್ದಿದಾನೆ. ಆ ಎರಡು ಏನಮ್ಮ?"

ಬಗ್ಗಿ ನೋಡಿದೆ. ಮಾರ್ಕ್ಸ್ ಇದ್ದ ಡಿಸ್ಕಿನ ಎರಡು ಫೈಲನ್ನು ಓದಲಿಕ್ಕಾಗುತ್ತಿಲ್ಲ ಎಂದಿತ್ತು. ಡಿಸ್ಕು ಸಾಯುತ್ತಿದೆ ಎಂದರ್ಥ. ಹಿಂದಿನ ನಾಲ್ಕು ದಿನವೂ ಅದನ್ನೇ ಕೂಗಿ ಕೂಗಿ ಹೇಳಿತ್ತೋ ಏನೋ, ನಾನು ಬಾವಿಗೆ ತಳ್ಳಿದ್ದೆ. ಅವತ್ತು ಊಟ ಬಿಟ್ಟು ಸಿಕ್ಕ ಫೈಲನ್ನೆಲ್ಲ ಲ್ಯಾಬಿನ ಬೇರೆ ಕಂಪ್ಯೂಟರಿಗೆ ಎಳೆದೆ. ಕೆಟ್ಟಿದ್ದ ಆ ಎರಡಕ್ಕೆ ಹಳೇ ಕಾಪಿಯಿತ್ತು, ದೇವರು ದೊಡ್ಡವನು. ಗಂಗಾಧರಯ್ಯನವರು ಶನಿವಾರದ ಬಸ್ಸು ಬಿಟ್ಟು ಸಂಜೆವರೆಗೂ ಪಕ್ಕದಲ್ಲೇ ಕೂತಿದ್ದರು. ಬುಧವಾರ ಆ ಡಿಸ್ಕು ಟಕ್ ಟಕ್ ಎಂದು ಎರಡು ಸದ್ದು ಮಾಡಿ ನಿಂತೇಹೋಯಿತು. ಹುಡುಗರ ಮೂರು ವರ್ಷದ ಮಾರ್ಕ್ಸೆಲ್ಲ ಉಳಿದಿತ್ತು. ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಗಂಗಾಧರಯ್ಯನವರು ಎಲ್ಲರಿಗಿಂತ ಜೋರಾಗಿ ಹೊಡೆದರು. ನಾನು ಕಳ್ಳಿಯಂತೆ ನಿಂತಿದ್ದೆ.

ಹೇಳಬೇಕು, ಹೇಳಬೇಕು ಎಂದುಕೊಂಡೇ ಅಕ್ಟೋಬರ್ ಕಳೆಯಿತು. ಕೊನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಲ್ಯಾಬಿಗೆ ಬಂದರು. ಪೆಟ್ಟಿಗೆ ಖಾಲಿ ಇರುವುದನ್ನು ನೋಡಿ, ನನ್ನ ಮೇಜಿನ ಮೇಲೇ ಚಾರ್ಜ್ ಪಟ್ಟಿ ಇಟ್ಟುಕೊಂಡು, 'ಬಾಕಿ ಪತ್ರಗಳು: ಇಲ್ಲ' ಎಂದು ದುಂಡಗೆ ಬರೆದು ಸಹಿ ಹಾಕಿದರು. ಆ ಮುಖದಲ್ಲಿದ್ದ ನೆಮ್ಮದಿಯನ್ನು ನೋಡಿ ನನಗೆ ಅಳು ಬಂತು. ಅವರು ಪಟ್ಟಿ ಕೊಡಲು ಹೋದಾಗ ಗಟ್ಟಿ ಮನಸ್ಸು ಮಾಡಿ ಅವರ ಲಾಗಿನ್ನಿಗೆ ಒಂದು ಪತ್ರ ಬರೆದೆ. ಆ ನಾಲ್ಕು ದಿನ ಬಾಯಿ ಕಟ್ಟಿದವಳು ನಾನೇ ಸರ್, ಚಪ್ಪಾಳೆ ನಿಮಗೆ ಸೇರಬೇಕಾದ್ದು, ಕ್ಷಮಿಸಿ ಎಂದು.

ನನ್ನ ಬುದ್ಧಿಗೆ ಏನು ಹೇಳಲಿ! ಕೊನೇ ಸಲ ನೋಡೋಣವೆಂದು ಅವರು ಮತ್ತೆ ಬಂದು ಕೂತರು. 'ಯು ಹ್ಯಾವ್ ನ್ಯೂ ಮೇಲ್.'

"ಅಯ್ಯಯ್ಯೋ! ಈಗ್ ತಾನೆ ಇಲ್ಲ ಅಂತ ಸೈನ್ ಹಾಕ್ ಬಂದೆ!"

ಓದಿದರು. ನನ್ನನ್ನು ಆಚೆ ಹೋಗು ಅಂದರು. ಸ್ಟಾಫ್ ರೂಮಿನಲ್ಲಿ ಹಾರ, ಶಾಲು, ಮೈಸೂರುಪಾಕು, ಖಾರಾಬೂಂದಿ ಎಲ್ಲ ಕಾಯುತ್ತಿತ್ತು. ಪ್ರಿನ್ಸಿಪಾಲರು ಎರಡು ಸಲ ಹೇಳಿ ಕಳಿಸಿದರು. ಒಳಗಿನಿಂದ ಟಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಒಂದೇ ಬೆರಳು. ಐದೂಕಾಲಿಗೆ ಔಟ್‌ವರ್ಡ್ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದು, "ಉತ್ರ ಹಾಕಿದೀನಿ ಕಣಮ್ಮ, ಓದ್ಕೋ" ಎಂದಷ್ಟೇ ಹೇಳಿ ಹಾರಕ್ಕೆ ಕತ್ತು ಕೊಟ್ಟರು.

ರಾಜ್ಯೋತ್ಸವದ ರಜೆ ಮುಗಿದದ್ದೇ ಓಡಿ ಬಂದು ಲಾಗಿನ್ ಆದೆ. 'ನೋ ಮೇಲ್.' ಆಗ ನೆನಪಾಯಿತು ನನ್ನ ಹೆಸರಿನ ಮುಂದಿದ್ದ ಬಾವಿ. ಗಂಟೆಗಟ್ಟಲೆ ಒಂದೇ ಬೆರಳಿನಲ್ಲಿ ಕುಟ್ಟಿದ ಪತ್ರ ನೆಟ್ಟಗೆ ಅದಕ್ಕೆ ಬಿದ್ದಿತ್ತು. ತಲೆ ತಲೆ ಚಚ್ಚಿಕೊಂಡೆ.

ಎರಡು ಮೂರು ತಿಂಗಳ ಮೇಲೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಪಂಚೆ, ಕೈಚೀಲ, ಅದೇ ನಶ್ಯ.

"ಪತ್ರ ಓದಿದ್ಯೇನಮ್ಮ?"

ನಿಮ್ಮ ಪತ್ರವನ್ನೂ ಬಾವಿಗೇ ಹಾಕಿದೆ ಸರ್ ಅನ್ನಲಿಕ್ಕಾಗುತ್ತದೆಯೇ? "ಓದ್ದೆ ಸರ್" ಅಂದೆ.

"ಹಂಗೇ ಮಾಡ್ತೀಯಾ?"

"ಖಂಡಿತ ಮಾಡ್ತೀನಿ ಸರ್."

"ನಮ್ ಮನೆಯೋರೂ ಕೇಳ್ತಿದ್ರು" ಎಂದು ಬಸ್ಸು ಹತ್ತಿದರು.

ಏನು ಮಾಡುತ್ತೇನೆಂದು ಮಾತು ಕೊಟ್ಟೆನೋ ನನಗೇ ಗೊತ್ತಿಲ್ಲ! ಆಮೇಲೆ ಮದುವೆಯಾಯಿತು, ತುಮಕೂರು ಸೇರಿದೆ, ಕ್ಯಾತ್ಸಂದ್ರದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಮಕ್ಕಳಾದವು. ಆದರೂ ಈ ಇಪ್ಪತ್ತು ವರ್ಷ ಇದೊಂದು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಉಳಿದಿತ್ತು. ಇನ್ನು ಮುಂದೆ ಸುಳ್ಳು ಹೇಳಬೇಡ ಅಂದಿದ್ದರೋ? ದಿನಾ ಪತ್ರ ಓದು ಅಂದಿದ್ದರೋ? ಯಾವುದಕ್ಕೂ ಇರಲಿ ಎಂದು ಇವತ್ತಿಗೂ ನನ್ನ ಲ್ಯಾಬಿನಲ್ಲಿ ಸಿಸ್ಟಂ ಮೇಲ್ ಒಂದನ್ನೂ ಬಿಡದೆ ಓದುತ್ತೇನೆ, ಸಾಲು ಎಣಿಸುತ್ತೇನೆ.

ಇಷ್ಟೆಲ್ಲ ನೆನಪು ಆ ರಿಜಿಸ್ಟರಿನ ವಾಸನೆಯಿಂದ ಎದ್ದದ್ದು. ನನ್ನ ರಿಲೀವಿಂಗ್ ಆರ್ಡರ್ ಹುಡುಕುತ್ತಾ ಹಿಂದಿನ ಹಾಳೆಗಳನ್ನು ಮಗುಚಿದೆ. ಅಕ್ಟೋಬರ್ ಕೊನೇ ದಿನದ ಹಾಳೆ ಬಂದಾಗ ಕೈ ನಿಂತಿತು. ಆ ದುಂಡು ಅಕ್ಷರ. ಅಯ್ಯೋ ನನ್ನ ದಡ್ಡತನವೇ, ನಂಬರು ಹಾಕದೆ ಅವರು ಯಾವ ಪತ್ರ ತಾನೆ ಕಳಿಸಿದ್ದರು? ಹಾಳೆಯ ಕಟ್ಟಕಡೆಯ ಸಾಲು:

'ಯಾರಿಗೆ: ಕು. ಶಾರದಾ, ಸಿಸ್ಟಂ ಇನ್‌ಸ್ಟ್ರಕ್ಟರ್. ವಿಷಯ: ನಾಲ್ಕು ದಿನ ಪತ್ರ ತಡೆಹಿಡಿದದ್ದನ್ನು ಮನ್ನಿಸಿರುವ ಬಗ್ಗೆ ಹಾಗೂ ಒಂದು ಭಾನುವಾರ ಹಾಗಲವಾಡಿಗೆ ಊಟಕ್ಕೆ ಬರುವ ಬಗ್ಗೆ. ಷರಾ: ಬರುವ ದಿನ ತಿಳಿಸಿ ಉತ್ತರಿಸುವುದು. ಬಾಕಿ.'

ಬಾಕಿ! ಮೂವತ್ತನಾಲ್ಕು ವರ್ಷ ಒಂದನ್ನೂ ಉಳಿಸದ ಮನುಷ್ಯ ಕೊನೇ ಸಾಲಿನಲ್ಲಿ ಅದನ್ನು ತಮ್ಮ ಕೈಯಾರೆ ಬರೆದಿದ್ದರು. ಅದಕ್ಕೆ ಕಾರಣ ನಾನು. ಗಂಗಾಧರಯ್ಯನವರು ಇನ್ನೂ ಇದ್ದಾರೆಯೇ ಎಂದು ಗುಮಾಸ್ತನನ್ನು ಕೇಳಿದರೆ, ಪೆನ್ಷನ್ ಕಡತ ನೋಡಿ, ಇದಾರೆ ಮೇಡಂ, ಅಂದ. ರಿಜಿಸ್ಟರಿನ ಆ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಅದೇ ಭಾನುವಾರ ಗುಬ್ಬಿಗೆ ಹೋಗಿ ಹಾಗಲವಾಡಿ ಬಸ್ಸು ಹತ್ತಿದೆ. ಅವರ ಮನೆ ಜಗುಲಿಯಲ್ಲಿ ಮೊಮ್ಮಗಳ ಶಾಲೆಯ ಯಾವುದೋ ಸುತ್ತೋಲೆ ಓದುತ್ತಾ ಕೂತಿದ್ದರು. ಎಂಬತ್ತರ ಹತ್ತಿರ, ಸೊರಗಿದ್ದಾರೆ, ಕಣ್ಣು ಮಾತ್ರ ಹಾಗೇ ಇದೆ. ಕಂಡದ್ದೇ ಗುರುತು ಹಿಡಿದರು.

"ಸರ್, ಅವತ್ತು ಗುಬ್ಬೀಲಿ ಓದ್ದೆ ಅಂದಿದ್ದು ಸುಳ್ಳು" ಅಂದೆ, ಚಪ್ಪಲಿ ಬಿಡುವುದಕ್ಕೂ ಮೊದಲೇ.

"ಗೊತ್ತು ಬುಡಮ್ಮ. ಓದಿದ್ದಿದ್ರೆ ಯಾವತ್ತು ಬರ್ಲಿ ಅಂತ ನೀನೇ ಕೇಳ್ತಿದ್ದೆ."

ನಗು, ಅಳು ಎರಡೂ ಒಟ್ಟಿಗೆ ಬಂತು. ಒಳಗಿನಿಂದ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಇವ್ರೇನ್ರೀ ಆ ಶಾರದಾ? ಇಪ್ಪತ್ ವರ್ಷದಿಂದ ಬರ್ತಾಳೆ ಬರ್ತಾಳೆ ಅಂತಿದ್ರಲ್ಲ. ಬಾಮ್ಮ, ಮುದ್ದೆ ಉಣ್ತೀಯಾ?" ಅಂದರು. ಕೂತೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೆ ಮನೆ ತುಪ್ಪ. ಉಣ್ಣುತ್ತಾ ಮೊಬೈಲಿನ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ತಮ್ಮ ಅಕ್ಷರವನ್ನು ಬೆರಳಿಟ್ಟು ಓದಿದರು.

"ಹೊಟ್ಟೆ ತುಂಬ ಉಣ್ಣು" ಅಂದರು. "ಆದ್ರೆ ನಾಳೆ ಸೋಮ್ವಾರ, ಆಫೀಸ್ ತೆಗೆದಿರುತ್ತೆ. ಕುಣಿಗಲ್‌ಗೆ ಹೋಗಿ, ಊಟ ಆಯ್ತು ಅಂತ ಅಲ್ಲಿ ಷರಾ ಬರ್ಸಿ, ಆ ಬಾಕೀನ ಹೊಡ್ದಾಕ್ಸಿ ಬಾ."

ಸೋಮವಾರ ರಜೆ ಹಾಕಿ ಹೋದೆ.